ಗಣಿಯ ದುಡಿಮೆಯೂ ಗಿಟಾರಿನ ಗರ್ಜನೆಯೂ

ವಿಶಾಖಪಟ್ಟಣ, ವಿಜಯವಾಡಗಳ ನಮ್ಮ ಹೋಟೆಲುಗಳಲ್ಲಿ ದುಡಿಯುವ ತರುಣರು ರಾತ್ರಿ ಬಾಗಿಲು ಹಾಕಿದ ಮೇಲೆ ಮೊಬೈಲಿನಲ್ಲಿ 'ಮೆಟಲ್' ಸಂಗೀತ ಕೇಳುವುದುಂಟು. ಇದು ಸಂಗೀತವಲ್ಲ, ಪಾತ್ರೆ ಉರುಳಿದ ಸದ್ದು ಎಂದು ಹಿರಿಯರು ಮೂಗು ಮುರಿಯುತ್ತಾರೆ. ತೀರ್ಪು ಕೊಡುವ ಮುನ್ನ ಆ ಸದ್ದಿನ ಹುಟ್ಟನ್ನು ವಾಚಕರು ಅರಿಯುವುದು ಲೇಸೆಂದು ನಾವು ಭಾವಿಸುತ್ತೇವೆ.

ಪಶ್ಚಿಮ ಜರ್ಮನಿಯ ಝೋಲಿಂಗೆನ್ ಚಾಕು-ಚೂರಿಗಳಿಗೆ ಹೆಸರಾದ ಊರು. ಅಲ್ಲಿಯ 'ಆಕ್ಸೆಪ್ಟ್' ತಂಡವು 1982ರಲ್ಲಿ 'ಫಾಸ್ಟ್ ಆಸ್ ಎ ಶಾರ್ಕ್' ಎಂಬ ಹಾಡನ್ನು ಹೊರತಂದಿತು. ಮೊದಲು ಹಳೆಯ ಜರ್ಮನ್ ಹಾಡಿನ ಗ್ರಾಮಫೋನ್ ತಟ್ಟೆ ತಿರುಗುತ್ತದೆ, ಸೂಜಿ ಕಿರ್ರೆಂದು ಜಾರುತ್ತದೆ, ಒಂದು ಚೀತ್ಕಾರ, ಅನಂತರ ಎರಡೂ ಪಾದಗಳಿಂದ ಎಡೆಬಿಡದೆ ಬಾರಿಸುವ ಡ್ರಮ್ಮಿನ ವೇಗ! ಮುಂದಿನ ಅನೇಕ ತಂಡಗಳಿಗೆ ಇದು ದಾರಿ ತೋರಿತು.

ಹ್ಯಾಂಬರ್ಗ್ ಬಂದರಿನಲ್ಲಿ 1984ರಲ್ಲಿ 'ಹೆಲೋವೀನ್' ತಂಡ ಕೂಡಿತು. ಕೈ ಹಾನ್ಸೆನ್ ಗಿಟಾರನ್ನೂ ನುಡಿಸಿದರು, ಹಾಡನ್ನೂ ಹಾಡಿದರು. 1985ರ 'ವಾಲ್ಸ್ ಆಫ್ ಜೆರಿಕೊ' ಒರಟಾದುದೇ ಸರಿ. ಆದರೆ ಆ ಒರಟುತನದೊಳಗೆ ರಾಗದ ಎಳೆಯಿತ್ತು. ಬಳಿಕ ಹದಿನೆಂಟರ ಪ್ರಾಯದ ಮಿಖಾಯೆಲ್ ಕಿಸ್ಕೆ ಹಾಡುಗಾರರಾಗಿ ಸೇರಿದರು. 1987ರ 'ಕೀಪರ್ ಆಫ್ ದ ಸೆವೆನ್ ಕೀಸ್' ಮೊದಲ ಭಾಗದಲ್ಲಿ ಆ ಎಳೆ ಹೊಳೆಯಿತು. 'ಪವರ್ ಮೆಟಲ್' ಎಂಬ ಪ್ರಕಾರಕ್ಕೆ ಅದೇ ಮಾದರಿಯಾಯಿತು.

ಇನ್ನು ರೂರ್ ಕಲ್ಲಿದ್ದಲು ಸೀಮೆಯ ಮಾತು. ಗೆಲ್ಸೆನ್‌ಕಿರ್ಷೆನ್ನಿನ 'ಸೋಡಮ್' ತಂಡದ ಟಾಮ್ ಏಂಜಲ್‌ರಿಪ್ಪರ್ ಗಣಿಯಲ್ಲಿ ದುಡಿಯುತ್ತಿದ್ದವರು. ನೆಲದಡಿಯ ಬದುಕಿನಿಂದ ಹೊರಬರುವ ಹಂಬಲವೇ ಅವರ ಸಂಗೀತಕ್ಕೆ ಬಲವಾಯಿತು. 1985ರ ಅವರ ಮೊದಲ ತಟ್ಟೆಯಲ್ಲಿ ತಾಳ ತಪ್ಪುವುದು ಯಾರ ಕಿವಿಗೂ ತಿಳಿಯುತ್ತದೆ. ಆದರೂ ಅವರು ಎದೆಗುಂದಲಿಲ್ಲ.

ಈ ಸಂಗೀತ ನಮ್ಮ ನಾಡಿಗೂ ದೂರದ್ದಲ್ಲ. ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ 'ಕ್ರಿಪ್ಟೋಸ್' ತಂಡವು 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು. 2016ರಲ್ಲಿ ಜರ್ಮನಿಯದೇ ಎ.ಎಫ್.ಎಂ. ಸಂಸ್ಥೆ ಅದರ 'ಬರ್ನ್ ಅಪ್ ದ ಸ್ಕೈ'ಯನ್ನು ಪ್ರಕಟಿಸಿತು. ಕಲಿತ ವಿದ್ಯೆಯನ್ನು ಕಲಿಸಿದವರ ಅಂಗಳದಲ್ಲಿಯೇ ಒಪ್ಪಿಸಿ ಬಂದಂತಾಯಿತು.

ಮೊದಲ ದೋಸೆ ಕಾವಲಿಗೆ ಅಂಟಿತೆಂದು ಹಿಟ್ಟನ್ನೇ ಚೆಲ್ಲುವ ಅಡಿಗೆಯವನುಂಟೆ? ಧಣಿಗಳೇ, ಗಿಟಾರು ಹಿಡಿದ ಹುಡುಗನನ್ನು ಹೀಗಳೆಯದಿರಿ. ವಾರದ ರಜೆಯನ್ನಾದರೂ ಅವನಿಗೆ ತಪ್ಪಿಸದಿರಿ. ತರುಣರೇ, ಊರಿಗೆ ಕಳುಹಿಸುವ ಹಣವನ್ನು ಮುಟ್ಟದೆ, ನಸುಕಿನಲ್ಲಿ ಏಳಬೇಕಾದ ಜೊತೆಗಾರರ ನಿದ್ದೆಯನ್ನು ಕೆಡಿಸದೆ, ಸಾಧನೆ ಮಾಡಿರಿ. ದಿನವಿಡೀ ದುಡಿದವನಿಗೆ ತನ್ನದೆನ್ನುವ ಒಂದು ಗಳಿಗೆ ಬೇಕು. ಅದನ್ನು ಕೊಡುವುದು ಉಪಕಾರವಲ್ಲ, ನ್ಯಾಯ.