ಅರಿಶಿನ, ಕರ್ಕ್ಯುಮಿನ್ ಮತ್ತು ಇಲಿಗಳ ಸಾಕ್ಷ್ಯ

ಜನಪದ ವೈದ್ಯವನ್ನು ಕುರಿತ ನಮ್ಮ ಬರಹಗಳಲ್ಲಿ ‘ಇದನ್ನು ವಿಜ್ಞಾನವೂ ಒಪ್ಪಿದೆ’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಅರಿಶಿನದ ವಿಷಯದಲ್ಲಂತೂ ಇದು ಪಲ್ಲವಿಯೇ ಆಗಿದೆ. ವಿಜ್ಞಾನ ಒಪ್ಪಿದ್ದು ಏನನ್ನು, ಎಷ್ಟರಮಟ್ಟಿಗೆ ಎಂಬುದನ್ನು ಒಂದು ಪ್ರಯೋಗದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದೇಹವನ್ನು ಕಾಯಬೇಕಾದ ರೋಗನಿರೋಧಕ ಕೋಶಗಳು ದೇಹದ ಮೇಲೆಯೇ ಎರಗುವುದರಿಂದ ಬರುವುದು ಸ್ವಯಂ ಪ್ರತಿರಕ್ಷಾ ರೋಗ. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂಥದ್ದು. ಅದರಲ್ಲಿ ನರತಂತುಗಳ ಹೊದಿಕೆಯಾದ ಮಯಲಿನ್ ನಾಶವಾಗುತ್ತದೆ. ಇದನ್ನು ಹೋಲುವ ರೋಗವನ್ನು ಇಲಿಗಳಲ್ಲಿ ಉಂಟುಮಾಡಲು ನರ ಅಂಗಾಂಶದ ಪ್ರೋಟೀನನ್ನು ಪ್ರಚೋದಕ ದ್ರವ್ಯದೊಡನೆ ಚುಚ್ಚಲಾಗುತ್ತದೆ. ಮೊದಲು ಬಾಲ ಜೋಲುತ್ತದೆ, ಅನಂತರ ಹಿಂಗಾಲುಗಳು ಸ್ವಾಧೀನ ತಪ್ಪುತ್ತವೆ. ಈ ಲಕ್ಷಣಗಳಿಗೆ ಅಂಕ ನೀಡುತ್ತ, ಮದ್ದು ಪಡೆದ ಗುಂಪನ್ನು ಪಡೆಯದ ಗುಂಪಿನೊಡನೆ ಹೋಲಿಸುತ್ತಾರೆ.

ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಸಂಯುಕ್ತವನ್ನು ನಟರಾಜನ್ ಮತ್ತು ಬ್ರೈಟ್ ಹೀಗೆ ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಮದ್ದು ಪಡೆದ ಇಲಿಗಳಲ್ಲಿ ರೋಗದ ತೀವ್ರತೆಯೂ ಅವಧಿಯೂ ತಗ್ಗಿದವು. ಮಯಲಿನ್ ನಾಶವೂ ಕಡಿಮೆಯಾಯಿತು. ಇಂಟರ್‌ಲ್ಯೂಕಿನ್-12 ಎಂಬ ಸಂಕೇತ ಪ್ರೋಟೀನಿನ ಉತ್ಪತ್ತಿಯನ್ನೂ ಅದು ಟಿ-ಕೋಶಗಳೊಳಗೆ ಒಯ್ಯುವ ಸಂದೇಶವನ್ನೂ ಕರ್ಕ್ಯುಮಿನ್ ತಡೆಯುತ್ತದೆಂಬುದು ಅವರ ವಿವರಣೆ.

ಈ ಫಲಿತಾಂಶ ಮಹತ್ವದ್ದು. ಆದರೆ ಇಲ್ಲಿ ಪರೀಕ್ಷೆಗೊಳಗಾದದ್ದು ಬೇರ್ಪಡಿಸಿದ ಸಂಯುಕ್ತ, ಅರಿಶಿನವಲ್ಲ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಅಲ್ಪಾಂಶ. ಪ್ರಯೋಗದಲ್ಲಿ ಅದನ್ನು ಇಲಿಗಳ ಉದರಕ್ಕೆ ಚುಚ್ಚಲಾಗಿತ್ತು. ಬಾಯಿಯ ಮೂಲಕ ಸೇವಿಸಿದರೆ ಅದು ರಕ್ತಕ್ಕೆ ಸೇರುವುದು ಅತ್ಯಲ್ಪ. ಇಲಿಯಿಂದ ಮನುಷ್ಯನಿಗಿರುವ ದೂರವೂ ಸಣ್ಣದಲ್ಲ. ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆದಾಗ ಪ್ರಾಣಿಗಳಲ್ಲಿ ಇದೇ ರೋಗ ಶಮನವಾಗಿತ್ತು. ಅದೇ ತತ್ತ್ವದ ಲೆನರ್ಸೆಪ್ಟ್ ಔಷಧಿ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಲ್ಲಿ ರೋಗ ಮರುಕಳಿಸುವಿಕೆಯನ್ನು ಹೆಚ್ಚಿಸಿದ್ದು 1999ರಲ್ಲಿ ಪ್ರಕಟವಾಯಿತು. ಆದ್ದರಿಂದ ಇಲಿಗಳ ಸಾಕ್ಷ್ಯವನ್ನು ನೆಚ್ಚಿ ರೋಗಿಯೊಬ್ಬರು ವೈದ್ಯರ ಔಷಧಿಯನ್ನು ಬಿಡುವಂತೆ ನಮ್ಮ ಬರಹ ಪ್ರೇರೇಪಿಸಬಾರದು.

ಹಾಗಾದರೆ ಜಾನಪದ ವಿದ್ವಾಂಸರ ಕೆಲಸವೇನು? ಅರಿಶಿನದಿಂದ ಗಾಯ ಮಾಗಿಸುವ ವಿಧಾನಕ್ಕೆ ಅಮೆರಿಕೆಯಲ್ಲಿ 1995ರಲ್ಲಿ ದೊರೆತಿದ್ದ ಪೇಟೆಂಟ್, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಹಳೆಯ ಲಿಖಿತ ಆಧಾರಗಳನ್ನು ಒದಗಿಸಿದ್ದರಿಂದ 1997ರಲ್ಲಿ ರದ್ದಾಯಿತು. ಅಲ್ಲಿ ಗೆದ್ದದ್ದು ದಾಖಲೆ. ನಾಟಿವೈದ್ಯರು ಯಾವ ಕಾಯಿಲೆಗೆ, ಯಾವುದರ ಜೊತೆ, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ ಮದ್ದು ಕೊಡುತ್ತಾರೆ ಎಂಬುದನ್ನು ಅವರದೇ ಮಾತಿನಲ್ಲಿ ಬರೆದಿಡುವುದು ನಮ್ಮ ಹೊಣೆ. ಅವರು ಹೆಸರಿಸದ ರೋಗವನ್ನು ಅವರ ಬಾಯಲ್ಲಿಡುವುದು ಜನಪದಕ್ಕೂ ವಿಜ್ಞಾನಕ್ಕೂ ಅಪಚಾರ.