ಕಾರಿನ ಡ್ರೈವ್‌ಶಾಫ್ಟ್

ಡ್ರೈವ್‌ಶಾಫ್ಟ್ ಎಂಬುದು ಮೋಟಾರು ವಾಹನದ ಗೇರ್‌ಬಾಕ್ಸಿನಿಂದ ಹೊರಡುವ ತಿರುಗುಬಲವನ್ನು ಚಕ್ರಗಳಿಗೆ ತಲುಪಿಸುವ ಉಕ್ಕಿನ ದಂಡ. ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳು ವಾಹನದ ಒಡಲಿಗೆ ಬಿಗಿಯಲ್ಪಟ್ಟಿರುತ್ತವೆ. ಚಕ್ರಗಳಾದರೋ ರಸ್ತೆಯ ಉಬ್ಬುತಗ್ಗುಗಳಿಗೆ ತಕ್ಕಂತೆ ಮೇಲೆ ಕೆಳಗೆ ಚಲಿಸುತ್ತವೆ. ಮುಂದಿನ ಚಕ್ರಗಳು ಪಕ್ಕಕ್ಕೂ ಹೊರಳುತ್ತವೆ. ಆದ್ದರಿಂದ ದಂಡದ ತುದಿಗಳಲ್ಲಿ ಕೋನವನ್ನು ಬದಲಿಸಿಕೊಳ್ಳಬಲ್ಲ ಕೀಲುಗಳಿರುತ್ತವೆ. ಡ್ರೈವ್‌ಶಾಫ್ಟಿನ ಬಹುತೇಕ ದೋಷಗಳು ದಂಡದಲ್ಲಿ ಅಲ್ಲ, ಈ ಕೀಲುಗಳಲ್ಲಿ ಅಥವಾ ಅವುಗಳನ್ನು ಮುಚ್ಚಿರುವ ರಬ್ಬರ್ ಹೊದಿಕೆಗಳಲ್ಲಿ ಆರಂಭವಾಗುತ್ತವೆ. ಆರಂಭದಲ್ಲೇ ಗುರುತಿಸಿದರೆ ದುರಸ್ತಿಯ ವೆಚ್ಚ ಅಲ್ಪ. ನಿರ್ಲಕ್ಷಿಸಿದರೆ ಇಡೀ ದಂಡವನ್ನೇ ಬದಲಿಸಬೇಕಾಗುತ್ತದೆ; ವಾಹನ ಚಲಿಸುತ್ತಿರುವಾಗಲೇ ಕೀಲು ಕಳಚುವ ಅಪಾಯವೂ ಇರುತ್ತದೆ.

ವಿಧಗಳು

ಹಿಂದಿನ ಚಕ್ರಗಳಿಂದ ಚಲಿಸುವ ವಾಹನಗಳಲ್ಲಿ ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಉದ್ದವಾದ ಟೊಳ್ಳು ಕೊಳವೆಯೊಂದು ಹಾದುಹೋಗುತ್ತದೆ. ಇದನ್ನು ಪ್ರೊಪೆಲ್ಲರ್ ಶಾಫ್ಟ್ ಎನ್ನುತ್ತಾರೆ. ಹಿಂದೂಸ್ತಾನ್ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ ಓಮ್ನಿ, ಮಹೀಂದ್ರಾ ಬೊಲೆರೊ ಹಾಗೂ ಕರ್ನಾಟಕದ ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಇನ್ನೋವಾ ಕ್ರಿಸ್ಟಾ ಈ ಬಗೆಯವು.

ಮುಂದಿನ ಚಕ್ರಗಳಿಂದ ಚಲಿಸುವ ಕಾರುಗಳಲ್ಲಿ ಗೇರ್‌ಬಾಕ್ಸಿನ ಎರಡೂ ಬದಿಗೆ ಒಂದೊಂದು ಗಿಡ್ಡ ದಂಡವಿದ್ದು, ಅವು ನೇರವಾಗಿ ಚಕ್ರಗಳನ್ನು ತಿರುಗಿಸುತ್ತವೆ. ಗ್ಯಾರೇಜುಗಳಲ್ಲಿ ಇವನ್ನು ಆಕ್ಸಲ್ ಎಂದೂ ಕರೆಯುವುದುಂಟು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಈ ವ್ಯವಸ್ಥೆಯನ್ನು ಭಾರತದಲ್ಲಿ ವ್ಯಾಪಕಗೊಳಿಸಿತು. ಇಂದಿನ ಬಹುತೇಕ ಸಣ್ಣ ಕಾರುಗಳು ಇದೇ ಮಾದರಿಯವು. ವಿದ್ಯುತ್ ಕಾರುಗಳಲ್ಲಿಯೂ ಸಾಮಾನ್ಯವಾಗಿ ಮೋಟಾರಿನಿಂದ ಚಕ್ರಗಳಿಗೆ ಇಂಥ ದಂಡಗಳೇ ಇರುತ್ತವೆ.

ಇತಿಹಾಸ

ಕೋನದಲ್ಲಿರುವ ಎರಡು ದಂಡಗಳನ್ನು ಜೋಡಿಸುವ ಶಿಲುಬೆಯಾಕಾರದ ಕೀಲಿಗೆ 16ನೆಯ ಶತಮಾನದ ಇಟಲಿಯ ಗಣಿತಜ್ಞ ಜಿರೊಲಾಮೊ ಕಾರ್ಡಾನೊ ಅವರ ಹೆಸರಿನಿಂದ ಕಾರ್ಡನ್ ಕೀಲು ಎಂದೂ, 17ನೆಯ ಶತಮಾನದ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಅವರ ಹೆಸರಿನಿಂದ ಹುಕ್ ಕೀಲು ಎಂದೂ ಹೆಸರಿದೆ. ಆರಂಭದ ಅನೇಕ ಕಾರುಗಳು ಸರಪಳಿಯಿಂದ ಚಲಿಸುತ್ತಿದ್ದವು. ಫ್ರಾನ್ಸಿನ ಲೂಯಿ ರೆನೊ 1898ರಲ್ಲಿ ತಮ್ಮ ಕಾರಿಗೆ ದಂಡಚಾಲನೆಯನ್ನು ಅಳವಡಿಸಿದರು. ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ ಕಾರುಗಳಿಗೆ ಒಗ್ಗುವ ಯೂನಿವರ್ಸಲ್ ಕೀಲಿಗೆ 1903ರಲ್ಲಿ ಪೇಟೆಂಟ್ ಪಡೆದರು. 1920ರ ದಶಕದಲ್ಲಿ ಫೋರ್ಡ್ ಸಂಸ್ಥೆಯ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ ಉಕ್ಕಿನ ಗುಂಡುಗಳನ್ನು ಬಳಸುವ ಸಮವೇಗ ಕೀಲನ್ನು ರೂಪಿಸಿದರು. 1959ರಲ್ಲಿ ಬಂದ ಬ್ರಿಟನ್ನಿನ ಮಿನಿ ಕಾರಿನ ಮುಂದಿನ ಚಕ್ರಗಳಲ್ಲಿ ಈ ಬಗೆಯ ಕೀಲುಗಳೇ ಇದ್ದವು.

ಕೀಲುಗಳ ರಚನೆ ಮತ್ತು ಕಾರ್ಯ

ಯೂನಿವರ್ಸಲ್ ಕೀಲಿನಲ್ಲಿ ಎರಡು ಕವಲುಗಳ ನಡುವೆ ಕೂಡಿಸುವ ಚಿಹ್ನೆಯ ಆಕಾರದ ತುಂಡೊಂದಿದ್ದು, ಅದರ ನಾಲ್ಕು ತುದಿಗಳಲ್ಲೂ ಸೂಜಿ ಬೇರಿಂಗುಗಳಿರುತ್ತವೆ. ಮೆಕ್ಯಾನಿಕ್‌ಗಳು ಇದನ್ನು ಕ್ರಾಸ್ ಎನ್ನುತ್ತಾರೆ. ಈ ಕೀಲು ಕೋನದಲ್ಲಿ ತಿರುಗುವಾಗ ಅದರಾಚೆಯ ದಂಡದ ವೇಗ ಒಂದು ಸುತ್ತಿನಲ್ಲಿ ಎರಡು ಬಾರಿ ಏರಿ ಇಳಿಯುತ್ತದೆ. ಕೋನ 30 ಡಿಗ್ರಿಯಷ್ಟಿದ್ದರೆ ವೇಗವು ಮೂಲವೇಗದ ಸುಮಾರು ಶೇ 87 ಮತ್ತು ಶೇ 115ರ ನಡುವೆ ತೂಗಾಡುತ್ತದೆ. ಎರಡೂ ತುದಿಗಳಲ್ಲಿ ಸಮಕೋನದ ಕೀಲುಗಳನ್ನಿಟ್ಟು, ದಂಡದ ಎರಡು ಕವಲುಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದರೆ ಒಂದರ ಏರಿಳಿತವನ್ನು ಇನ್ನೊಂದು ರದ್ದುಗೊಳಿಸುತ್ತದೆ. ಎರಡು ತುಂಡಾಗಿ ಬಿಚ್ಚಿಬರುವ ದಂಡವನ್ನು ಕಳಚುವ ಮೊದಲು ಗುರುತು ಹಾಕಿಕೊಂಡು ಮತ್ತೆ ಅದೇ ರೀತಿ ಕೂಡಿಸಬೇಕೆನ್ನುವುದು ಇದೇ ಕಾರಣಕ್ಕೆ.

ಮುಂದಿನ ಚಕ್ರಗಳು ದೊಡ್ಡ ಕೋನದಲ್ಲಿ ಹೊರಳುವುದರಿಂದ ಅಲ್ಲಿ ಸಿ.ವಿ. ಜಾಯಿಂಟ್ ಎಂದು ಕರೆಯಲಾಗುವ ಸಮವೇಗ ಕೀಲು ಬೇಕಾಗುತ್ತದೆ. ಚಕ್ರದ ಬದಿಯ ಹೊರಕೀಲಿನಲ್ಲಿ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು ಕೊರೆದ ಹಾದಿಗಳಲ್ಲಿ ಉರುಳುತ್ತವೆ. ಗೇರ್‌ಬಾಕ್ಸಿನ ಬದಿಯ ಒಳಕೀಲಿನಲ್ಲಿ ಹಲವು ಕಾರುಗಳಲ್ಲಿ ಮೂರು ಉರುಳೆಗಳಿದ್ದು, ಅವು ಒಳಹೊರಗೆ ಸರಿಯುತ್ತಾ ದಂಡದ ಉದ್ದದ ವ್ಯತ್ಯಾಸವನ್ನು ಸರಿದೂಗಿಸುತ್ತವೆ. ಕೀಲಿನ ಸುತ್ತ ಮಡಿಕೆಮಡಿಕೆಯಾದ ರಬ್ಬರ್ ಅಥವಾ ಪ್ಲಾಸ್ಟಿಕ್ ಹೊದಿಕೆಯಿರುತ್ತದೆ. ಬೂಟ್ ಎನ್ನಲಾಗುವ ಈ ಹೊದಿಕೆ ಗ್ರೀಸನ್ನು ಒಳಗೆ ಹಿಡಿದಿಟ್ಟು, ನೀರು ಮತ್ತು ಮಣ್ಣನ್ನು ಹೊರಗೆ ತಡೆಯುತ್ತದೆ.

1.8 ಮೀಟರ್ ಸುತ್ತಳತೆಯ ಟೈರು ಒಂದು ಕಿಲೋಮೀಟರಿಗೆ ಸುಮಾರು 555 ಸುತ್ತು ತಿರುಗುತ್ತದೆ. ಅಂದರೆ 10,000 ಕಿಲೋಮೀಟರ್ ಓಡಿದ ಕಾರಿನ ಹೊರಕೀಲು 55 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿರುತ್ತದೆ. ಪ್ರತಿ ಸುತ್ತಿಗೂ ಬೂಟಿನ ಮಡಿಕೆಗಳು ಒಮ್ಮೆ ಹಿಗ್ಗಿ ಕುಗ್ಗಿರುತ್ತವೆ. ಬಿಸಿಲು, ವಯಸ್ಸು ಮತ್ತು ರಸ್ತೆಯ ಕಲ್ಲುಗಳು ಸೇರಿ ಕಾಲಕ್ರಮೇಣ ಬೂಟನ್ನು ಬಿರುಕು ಬಿಡಿಸುತ್ತವೆ. ಬಿರುಕಿನಿಂದ ಗ್ರೀಸ್ ಹೊರಚಿಮ್ಮಿ, ಕೆಸರುನೀರು ಒಳಸೇರಿದಾಗ ಮಣ್ಣಿನ ಕಣಗಳು ಸಾಣೆಯ ಪುಡಿಯಂತೆ ಗುಂಡುಗಳನ್ನೂ ಹಾದಿಗಳನ್ನೂ ಸವೆಸುತ್ತವೆ.

ದೋಷದ ಲಕ್ಷಣಗಳು

ಮೊದಲ ಲಕ್ಷಣ ಕಣ್ಣಿಗೆ ಕಾಣುವಂಥದ್ದು, ಕಿವಿಗೆ ಕೇಳುವಂಥದ್ದಲ್ಲ. ಬೂಟು ಹರಿದ ಆರಂಭದಲ್ಲಿ ಕಾರು ಎಂದಿನಂತೆಯೇ ಓಡುತ್ತದೆ. ಶಬ್ದ ಕೇಳಿಸುವ ವೇಳೆಗೆ ಕೀಲು ಸವೆದಿರುತ್ತದೆ.

• ಚಕ್ರದ ಒಳಬದಿಯಲ್ಲಿ ಕಪ್ಪು ಗ್ರೀಸಿನ ಸಿಡಿತ: ಬೂಟು ಹರಿದಿರುವ ಇಲ್ಲವೇ ಅದರ ಪಟ್ಟಿ ಸಡಿಲಗೊಂಡಿರುವ ಸೂಚನೆ.
• ತಿರುವಿನಲ್ಲಿ ಕಟಕಟ ಶಬ್ದ: ಹೊರಕೀಲಿನ ಸವೆತ. ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ನಿಧಾನವಾಗಿ ಮುಂದೆ ಸಾಗಿದಾಗ ಸ್ಪಷ್ಟವಾಗಿ ಕೇಳಿಸುತ್ತದೆ.
• ವೇಗ ಹೆಚ್ಚಿಸುವಾಗ ನಡುಕ, ಆಕ್ಸಿಲರೇಟರ್ ಬಿಟ್ಟಾಗ ಕಡಿಮೆಯಾಗುವುದು: ಒಳಕೀಲಿನ ಸವೆತದ ಸಾಧ್ಯತೆ.
• ಗೇರ್ ಹಾಕಿ ಹೊರಡುವಾಗ ಅಥವಾ ರಿವರ್ಸ್‌ಗೆ ಬದಲಿಸುವಾಗ 'ಠಣ್' ಎಂಬ ಹೊಡೆತ: ಕ್ರಾಸ್ ಅಥವಾ ಕೀಲಿನಲ್ಲಿ ಸಡಿಲಿಕೆ.
• ವೇಗದೊಂದಿಗೆ ಹೆಚ್ಚುವ ಕಿರುಗುಟ್ಟುವಿಕೆ: ಗ್ರೀಸ್ ಒಣಗಿದ ಕ್ರಾಸ್.
• ಹಿಂಚಕ್ರ ಚಾಲನೆಯ ವಾಹನದ ನೆಲಹಾಸಿನಲ್ಲಿ ಕಂಪನ ಅಥವಾ ಗುಂಯ್‌ಗುಡುವಿಕೆ: ಪ್ರೊಪೆಲ್ಲರ್ ಶಾಫ್ಟಿನ ಸಮತೋಲನ ತಪ್ಪಿರುವುದು, ದಂಡ ಬಾಗಿರುವುದು ಅಥವಾ ನಡುವಿನ ಬೇರಿಂಗ್ ಸವೆದಿರುವುದು.

ಹೋಲುವ ಇತರ ದೋಷಗಳು

ಕೆಲವು ಬೇರೆ ದೋಷಗಳೂ ಇಂಥದ್ದೇ ಲಕ್ಷಣಗಳನ್ನು ತೋರುವುದರಿಂದ ಅನಗತ್ಯವಾಗಿ ಡ್ರೈವ್‌ಶಾಫ್ಟ್ ಬದಲಿಸುವ ಸಂದರ್ಭಗಳುಂಟು. ಟೈರಿನ ಸಮತೋಲನ ತಪ್ಪಿದ್ದರೆ ನಡುಕವು ನಿರ್ದಿಷ್ಟ ವೇಗದಲ್ಲಿ ಕಾಣಿಸಿಕೊಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಚಕ್ರದ ಬೇರಿಂಗ್ ಸವೆದಾಗ ಕಟಕಟ ಶಬ್ದದ ಬದಲು ನಿರಂತರ ಗುಂಯ್‌ಗುಡುವಿಕೆ ಇರುತ್ತದೆ. ಎಂಜಿನ್ ಮೌಂಟಿಂಗ್ ಹಾಳಾದಾಗಲೂ ಗೇರ್ ಬದಲಿಸುವಾಗ ಹೊಡೆತ ಕೇಳಿಸಬಹುದು. ವಾಹನವನ್ನು ಲಿಫ್ಟಿನ ಮೇಲೇರಿಸಿ ಬೂಟು ಹಾಗೂ ಕೀಲಿನ ಸಡಿಲಿಕೆಯನ್ನು ಕೈಯಿಂದ ಪರೀಕ್ಷಿಸಿದ ಬಳಿಕವೇ ನಿರ್ಧಾರಕ್ಕೆ ಬರುವುದು ಸೂಕ್ತ.

ದುರಸ್ತಿಯ ವೆಚ್ಚ

ವೆಚ್ಚವು ದೋಷ ಯಾವ ಹಂತದಲ್ಲಿ ಪತ್ತೆಯಾಯಿತೆಂಬುದನ್ನು ಅವಲಂಬಿಸಿದೆ. ಭಾರತದ ಸಣ್ಣ ಕಾರುಗಳಲ್ಲಿ ಬೂಟು, ಪಟ್ಟಿ ಮತ್ತು ಗ್ರೀಸಿನ ಕಿಟ್ ಸಾಮಾನ್ಯವಾಗಿ ನೂರುಗಳ ಲೆಕ್ಕದಲ್ಲಿ ದೊರೆಯುತ್ತದೆ. ಹೊರಕೀಲು ಅಥವಾ ಇಡೀ ದಂಡದ ಬೆಲೆ ಸಾವಿರಗಳಲ್ಲಿರುತ್ತದೆ. ಐಷಾರಾಮಿ ಕಾರುಗಳಲ್ಲಿ ಅದು ಹತ್ತಾರು ಸಾವಿರಕ್ಕೇರುತ್ತದೆ. ಆದರೆ ಬೂಟು ಬದಲಿಸಲೂ ಸಾಮಾನ್ಯವಾಗಿ ದಂಡವನ್ನು ಬಿಚ್ಚಲೇಬೇಕಾದ್ದರಿಂದ ಕೂಲಿಯಲ್ಲಿ ಅಷ್ಟು ದೊಡ್ಡ ಅಂತರವಿರುವುದಿಲ್ಲ. ಕೀಲಿನಲ್ಲಿ ಶಬ್ದ ಆರಂಭವಾದ ಮೇಲೆ ಹೊಸ ಬೂಟು ಹಾಕಿ ಗ್ರೀಸ್ ತುಂಬಿದರೆ ಸವೆದ ಲೋಹ ಮರಳಿ ಬರುವುದಿಲ್ಲ. ಆಗ ಕೂಲಿಯನ್ನು ಎರಡು ಬಾರಿ ತೆರಬೇಕಾಗುತ್ತದೆ.

ದಂಡವನ್ನು ಹೊರತೆಗೆದಾಗ ಗೇರ್‌ಬಾಕ್ಸಿನ ಆಯಿಲ್ ಸೀಲ್ ಬದಲಾವಣೆ, ಸೋರಿಹೋದ ಆಯಿಲ್ ಮರುಭರ್ತಿ ಮತ್ತು ಹೊಸ ಹಬ್ ನಟ್ಟಿನ ಖರ್ಚು ಸೇರಬಹುದು. ಪ್ರೊಪೆಲ್ಲರ್ ಶಾಫ್ಟಿನಲ್ಲಿ ಕ್ರಾಸ್ ಮಾತ್ರ ಸವೆದಿದ್ದರೆ ಅದನ್ನಷ್ಟೇ ಬದಲಿಸಬಹುದು. ದಂಡ ಬಾಗಿದ್ದರೆ ದುರಸ್ತಿಯ ನಂತರ ಯಂತ್ರದ ಮೇಲೆ ಸಮತೋಲನ ಮಾಡಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 18ರಷ್ಟಿದೆ. ಅದಕ್ಕೂ ಮೊದಲು ಬಹುತೇಕ ಬಿಡಿಭಾಗಗಳಿಗೆ ಶೇ 28ರಷ್ಟಿತ್ತು.

ಸಾಮಾನ್ಯ ವಾಹನ ವಿಮೆಯು ಸವೆತ ಹಾಗೂ ಯಾಂತ್ರಿಕ ವೈಫಲ್ಯಕ್ಕೆ ಪರಿಹಾರ ನೀಡುವುದಿಲ್ಲ. ಅಪಘಾತದಲ್ಲಿ ಡ್ರೈವ್‌ಶಾಫ್ಟಿಗೆ ಪೆಟ್ಟು ಬಿದ್ದಿದ್ದರೆ ಪರಿಹಾರ ದೊರೆಯುತ್ತದೆ. ಆಗಲೂ ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಶೇ 50ರಷ್ಟನ್ನೂ, ಲೋಹದ ಭಾಗಗಳಿಗೆ ವಾಹನದ ವಯಸ್ಸಿಗೆ ತಕ್ಕ ಸವಕಳಿಯನ್ನೂ ಕಳೆಯಲಾಗುತ್ತದೆ.

ನಿರ್ಲಕ್ಷ್ಯದ ಅಪಾಯಗಳು

ಮುಂದಿನ ಒಂದು ದಂಡ ತುಂಡಾದರೆ ಸಾಮಾನ್ಯ ಡಿಫರೆನ್ಷಿಯಲ್ ಇರುವ ಕಾರು ಮುಂದೆ ಸಾಗದು. ಎಂಜಿನ್ ತಿರುಗುತ್ತಿದ್ದರೂ ಬಲವೆಲ್ಲ ತುಂಡಾದ ಬದಿಯಲ್ಲೇ ವ್ಯರ್ಥವಾಗುತ್ತದೆ. ಆಗ ಎಂಜಿನ್ ಬ್ರೇಕಿಂಗ್ ಕೂಡ ಇಲ್ಲವಾಗುವುದರಿಂದ ಘಾಟಿಯ ಇಳಿಜಾರಿನಲ್ಲಿ ಇದು ವಿಶೇಷವಾಗಿ ಅಪಾಯಕಾರಿ. ಗೇರಿನಲ್ಲಿ ಬಿಟ್ಟರೂ, ಸ್ವಯಂಚಾಲಿತ ಕಾರಿನಲ್ಲಿ 'ಪಿ' ಸ್ಥಾನದಲ್ಲಿಟ್ಟರೂ ವಾಹನ ನಿಲ್ಲದೆ ಉರುಳಬಹುದು. ಆದ್ದರಿಂದ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡುವುದು ಅಗತ್ಯ. ಪ್ರೊಪೆಲ್ಲರ್ ಶಾಫ್ಟಿನ ಮುಂತುದಿ ಕಳಚಿದರೆ ಅದು ರಸ್ತೆಗೆ ಊರಿ ವಾಹನದ ಹಿಂಭಾಗವನ್ನು ಎತ್ತಬಹುದು, ಇಲ್ಲವೇ ತಳದಲ್ಲಿರುವ ಬ್ರೇಕ್ ಮತ್ತು ಇಂಧನದ ಕೊಳವೆಗಳಿಗೆ ಬಡಿಯಬಹುದು.

ನಿರ್ವಹಣೆ

ಪ್ರತಿ ಸರ್ವಿಸಿನಲ್ಲಿಯೂ ಬೂಟುಗಳ ಮಡಿಕೆಗಳನ್ನು ಬಿಡಿಸಿ ನೋಡುವುದು ಮುಖ್ಯ ಕ್ರಮ. ಕೆಸರು ಮತ್ತು ನೀರು ಹೆಚ್ಚಿರುವ ಮಳೆಗಾಲದ ಮೊದಲು ಹಾಗೂ ನಂತರ, ಮುಖ್ಯವಾಗಿ ಮಲೆನಾಡು ಮತ್ತು ಕರಾವಳಿಯ ರಸ್ತೆಗಳಲ್ಲಿ ಓಡುವ ವಾಹನಗಳಿಗೆ, ಈ ತಪಾಸಣೆ ಹೆಚ್ಚು ಉಪಯುಕ್ತ. ಗ್ರೀಸ್ ನಿಪ್ಪಲ್ ಇರುವ ಕ್ರಾಸ್‌ಗಳಿಗೆ ತಯಾರಕರು ಸೂಚಿಸಿದ ಅವಧಿಗೆ ಗ್ರೀಸ್ ಹಾಕಿಸಬೇಕು. ಸಮವೇಗ ಕೀಲುಗಳಿಗೆ ಅವುಗಳಿಗೆಂದೇ ಸೂಚಿಸಿದ ಗ್ರೀಸನ್ನು ಮಾತ್ರ ಬಳಸಬೇಕು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದ ಸ್ಥಿತಿಯಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತದಿರುವುದರಿಂದ ಹೊರಕೀಲಿನ ಮೇಲಿನ ಒತ್ತಡ ತಗ್ಗಿ, ಅದರ ಬಾಳಿಕೆ ಹೆಚ್ಚುತ್ತದೆ.