ಕಳ್ಳ ಮೊದಲು ನೋಡುವುದು ನಾಯಿಯನ್ನು

ಪ್ರಶ್ನೆ: ನಮ್ಮ ಆಫೀಸಿನ ಭದ್ರತಾ ತಂಡದವರು ತಾವೇ ಕಂಪ್ಯೂಟರಿನಲ್ಲಿ ‘ಟಾಸ್ಕ್‌ಲಿಸ್ಟ್’ ಓಡಿಸಿ, ಅಲಾರಂ ಬಂತೇ ಎಂದು ನೋಡುತ್ತಾರೆ. ಯಾಕೆ?

ಉತ್ತರ: ಮನೆಗೆ ನುಗ್ಗಿದ ಕಳ್ಳ ಬೀರುವಿಗೆ ಕೈ ಹಾಕುವ ಮುಂಚೆ ಯಾರು ಎಚ್ಚರವಿದ್ದಾರೆ, ನಾಯಿ ಎಲ್ಲಿದೆ ಎಂದು ನೋಡುತ್ತಾನಲ್ಲ, ಕಂಪ್ಯೂಟರಿಗೆ ನುಗ್ಗಿದವರೂ ಹಾಗೆಯೇ. ಅವರಂತೆಯೇ ಮಾಡಿ, ಅಲಾರಂ ಎಚ್ಚರವಿದೆಯೇ ಎಂದು ನಿಮ್ಮ ತಂಡ ಪರೀಕ್ಷಿಸುತ್ತಿದೆ. ವಿಂಡೋಸಿನಲ್ಲಿ ಟಾಸ್ಕ್‌ಲಿಸ್ಟ್, ಲಿನಕ್ಸಿನಲ್ಲಿ ‘ಪಿಎಸ್ -ಇ’ ಎಂದು ಟೈಪಿಸಿದರೆ ಆ ಹೊತ್ತಿಗೆ ಓಡುತ್ತಿರುವ ಪ್ರೋಗ್ರಾಮುಗಳು ಸಾಲಾಗಿ ಕಾಣುತ್ತವೆ. ಯಾವ ಆ್ಯಂಟಿವೈರಸ್ ಕಾವಲಿಗಿದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ದಾಳಿಕೋರರ ವರಸೆಗಳನ್ನೆಲ್ಲ ಪಟ್ಟಿ ಮಾಡಿರುವ ಅಮೆರಿಕದ ಮೈಟರ್ ಸಂಸ್ಥೆ ಇದಕ್ಕೆ ಟಿ1057 ಎಂಬ ಸಂಖ್ಯೆ ಕೊಟ್ಟಿದೆ.

ತೊಡಕಿರುವುದು ಇಲ್ಲಿ: ಇದೇ ಕಮಾಂಡನ್ನು ನಿಮ್ಮ ಸಿಸ್ಟಂ ಅಡ್ಮಿನ್ನೂ ದಿನಾ ಕೊಡುತ್ತಿರುತ್ತಾರೆ. ಪ್ರತಿ ಸಲವೂ ಅಲಾರಂ ಹೊಡೆದುಕೊಂಡರೆ ನಾಲ್ಕನೇ ದಿನಕ್ಕೆ ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕೇ ಕಮಾಂಡಿಗಿಂತ ಅದರ ಹಿಂದುಮುಂದು ಮುಖ್ಯ. ಮೇಲ್‌ನಲ್ಲಿ ಬಂದ ವರ್ಡ್ ಫೈಲ್ ತೆರೆದ ಬೆನ್ನಿಗೇ, ವರ್ಡಿನೊಳಗಿಂದಲೇ ಟಾಸ್ಕ್‌ಲಿಸ್ಟ್ ಓಡಿತೆಂದರೆ ಗುಮಾನಿ ಪಡಲೇಬೇಕು.

ಹೀಗೆ ಪರೀಕ್ಷಿಸಿದಾಗ ಅಲಾರಂ ಇರಲಿ, ದಾಖಲೆಯೇ ಸಿಗದಿರುವುದೂ ಉಂಟು. ಹೊಸ ಪ್ರೋಗ್ರಾಂ ಶುರುವಾದದ್ದನ್ನು ವಿಂಡೋಸ್ 4688 ಎಂಬ ನಂಬರಿನಡಿ ಬರೆದಿಡಬಲ್ಲದು. ಆದರೆ ಟೈಪಿಸಿದ ಪೂರ್ತಿ ಸಾಲು ಅದರಲ್ಲಿ ಬರಬೇಕಾದರೆ ಇನ್ನೊಂದು ಸೆಟ್ಟಿಂಗನ್ನು ನಾವೇ ಆನ್ ಮಾಡಿರಬೇಕು.